ಮನೆ ಕಂದಾಯದ ರಸೀದಿ

ಮನೆಗೆ ತೆರಿಗೆ ಹಾಕುವ ಪದ್ಧತಿಯನ್ನು ಆಂಗ್ಲರು ತಂದರೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಕನ್ನಡ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆಗಳ ಜೊತೆಗೆ ಮನೆದೆರೆ, ಮನೆವಣ ಎಂಬ ಮಾತುಗಳೂ ಬರುತ್ತವೆ. ವಿಜಯನಗರದ ಕಾಲದಲ್ಲಿ ನಮ್ಮ ಮುಳಬಾಗಿಲು ‘ಮುಳುವಾಯಿ ರಾಜ್ಯ’ದ ಕೇಂದ್ರವಾಗಿತ್ತು. ಬುಕ್ಕರಾಯನ ಮಗ ಕುಮಾರ ಕಂಪಣನೂ ಆ ಬಳಿಕ ಲಕ್ಕಣ್ಣ ದಂಡನಾಯಕನೂ ಅಲ್ಲಿಂದ ಆಳಿದರು. ಮೈಸೂರು ಸಂಸ್ಥಾನದ ಕಾಲಕ್ಕೆ ಮನೆ, ಮಗ್ಗ, ಅಂಗಡಿ, ಗಾಣಗಳ ಮೇಲಿನ ತೆರಿಗೆಗಳಿಗೆಲ್ಲ ‘ಮೊಹತರ್ಫಾ’ ಎಂಬ ಒಂದೇ ಹೆಸರು ರೂಢಿಯಲ್ಲಿತ್ತು. ಈ ತೆರಿಗೆಗಳು ಅರಸನ ಬೊಕ್ಕಸ ಸೇರುತ್ತಿದ್ದವು. ಊರಿನ ಮನೆಗಳಿಂದ ಎತ್ತಿದ ಹಣವನ್ನು ಆ ಊರಿನ ಬೀದಿ, ಚರಂಡಿ, ದೀಪಗಳಿಗೇ ಖರ್ಚು ಮಾಡಬೇಕೆಂಬ ವಿಚಾರ ಮಾತ್ರ ಹೊಸದು. 1862ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಪೌರ ಸಮಿತಿಗಳು ಏರ್ಪಟ್ಟವು. ಅನಂತರ ಆ ವ್ಯವಸ್ಥೆ ಕೋಲಾರದಂಥ ಜಿಲ್ಲಾ ಸ್ಥಳಗಳಿಗೂ ತಾಲ್ಲೂಕು ಕೇಂದ್ರಗಳಿಗೂ ಕ್ರಮೇಣ ಹರಡಿತು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಕೆನಡಾದ ಒಂಟಾರಿಯೋದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: “ಮೇಷ್ಟ್ರೇ, ಮಾಲೂರಿನ ಕಡೆ ನಮ್ಮ ತಂದೆ ಕೊಂಡ ಸೈಟಿಗೆ ಮೂವತ್ತು ವರ್ಷ ತಪ್ಪದೆ ಕಂದಾಯ ಕಟ್ಟಿದ ರಸೀದಿಗಳಿವೆ. ಈಗ ಅದು ಅನಧಿಕೃತವಂತೆ. ಅನಧಿಕೃತವಾಗಿದ್ದರೆ ಕಂದಾಯ ಏಕೆ ತೆಗೆದುಕೊಂಡರು?” ಈ ಪ್ರಶ್ನೆ ಅವಳೊಬ್ಬಳದಲ್ಲ. ನನ್ನ ಬಂಧುಗಳಲ್ಲಿಯೇ ನಾಲ್ಕಾರು ಮನೆಗಳಲ್ಲಿ ಇಂಥ ರಸೀದಿಗಳ ಕಟ್ಟು ಟ್ರಂಕಿನ ತಳದಲ್ಲಿದೆ.

ಉತ್ತರ ತಿಳಿಯಬೇಕಾದರೆ ನಮ್ಮ ಊರುಗಳ ಆದಾಯದ ಕಥೆಯನ್ನು ಸ್ವಲ್ಪ ನೋಡಬೇಕು. 1979ರವರೆಗೆ ಪಟ್ಟಣಗಳ ಜೀವಾಳ ಆಕ್ಟ್ರಾಯ್ ಆಗಿತ್ತು. ಊರ ಅಂಚಿನ ಗೇಟಿನಲ್ಲಿ ಗಾಡಿ, ಲಾರಿಗಳನ್ನು ತಡೆದು, ಒಳಗೆ ಬರುವ ಸರಕಿನ ಮೇಲೆ ಸುಂಕ ಎತ್ತುತ್ತಿದ್ದರು. “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆಯ ಅರ್ಥವನ್ನು ಆ ಗೇಟುಗಳ ಬಳಿ ನಿಂತವರಿಗೆ ವಿವರಿಸಬೇಕಾಗಿರಲಿಲ್ಲ. 1979ರಲ್ಲಿ ರಾಜ್ಯ ಸರ್ಕಾರವು ಆಕ್ಟ್ರಾಯನ್ನು ತೆಗೆದು ತಾನೇ ಪ್ರವೇಶ ತೆರಿಗೆ ವಿಧಿಸತೊಡಗಿತು. ಜನ ಸಂತೋಷಪಟ್ಟರು, ನ್ಯಾಯವಾಗಿಯೇ. ಆದರೆ ಪುರಸಭೆಗಳಿಗೆ ಸ್ವಂತದ್ದೆಂದು ಮುಖ್ಯವಾಗಿ ಉಳಿದದ್ದು ಮನೆ ಕಂದಾಯ. ಉಳಿದದ್ದಕ್ಕೆ ಸರ್ಕಾರದ ಅನುದಾನದ ಹಾದಿ ಕಾಯಬೇಕಾಯಿತು.

ಆ ಮನೆ ಕಂದಾಯವೂ ಬೆಳೆಯದಂತೆ ಕಟ್ಟಿಹಾಕಲ್ಪಟ್ಟಿತ್ತು. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬಂದೀತೆಂದು ಅಂದಾಜು ಮಾಡಿ, ಅದರ ಮೇಲೆ ತೆರಿಗೆ ಹಾಕುವುದು ಹಳೆಯ ಕ್ರಮ. ಬಾಡಿಗೆ ನಿಯಂತ್ರಣ ಕಾಯಿದೆಯನ್ವಯ ನ್ಯಾಯಬದ್ಧವೆನಿಸುವ ಬಾಡಿಗೆಗಿಂತ ಹೆಚ್ಚಿನ ಮೌಲ್ಯವನ್ನು ತೆರಿಗೆಗಾಗಿ ಎಣಿಸಕೂಡದೆಂದು ಸುಪ್ರೀಂ ಕೋರ್ಟು 1970ರ ಗುಂಟೂರು ಪುರಸಭೆಯ ಪ್ರಕರಣದಲ್ಲಿಯೂ 1979ರ ದೆಹಲಿಯ ಪ್ರಕರಣದಲ್ಲಿಯೂ ಹೇಳಿತು. ಬಾಡಿಗೆದಾರನ ರಕ್ಷಣೆಗೆಂದು ಮಾಡಿದ ಕಾಯಿದೆ ಊರಿನ ಚರಂಡಿಯ ಹಣವನ್ನೂ ಹಿಡಿದು ನಿಲ್ಲಿಸಿತು. ಇದಕ್ಕೆ ಬಿಲ್ ಕಲೆಕ್ಟರ್ ಮನೆಯ ಮುಂದೆ ನಿಂತು ಕಣ್ಣಂದಾಜಿನಲ್ಲಿ ಬರೆದುಕೊಳ್ಳುವ ಲೆಕ್ಕವೂ ಸೇರಿದರೆ, ಅಕ್ಕಪಕ್ಕದ ಎರಡು ಮನೆಗಳಿಗೆ ಎರಡು ಬಗೆಯ ಕಂದಾಯ ಏಕೆ ಎಂಬುದು ತಿಳಿಯುತ್ತದೆ. 2000ದಲ್ಲಿ ಬೆಂಗಳೂರಿನಲ್ಲಿಯೂ ಅದರ ಬೆನ್ನಿಗೆ ಉಳಿದ ಪಟ್ಟಣಗಳಲ್ಲಿಯೂ ಸ್ವಯಂ ಘೋಷಿತ ಆಸ್ತಿ ತೆರಿಗೆ ಜಾರಿಗೆ ಬಂದಿತು. ನಮ್ಮ ಪಟ್ಟಣಗಳಲ್ಲಿ ಬಾಡಿಗೆಯ ಬದಲು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯೇ ಲೆಕ್ಕಕ್ಕೆ ಆಧಾರವಾಯಿತು. ತೆರಿಗೆಯ ಜೊತೆಗೆ ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಗ್ರಂಥಾಲಯದ ಪಾಲು ಸಕಾಲದಲ್ಲಿ ಗ್ರಂಥಾಲಯಗಳಿಗೆ ತಲುಪುವುದಿಲ್ಲವೆಂಬ ದೂರು ರಾಜ್ಯದಲ್ಲಿ ಬಹಳ ಕಾಲದಿಂದಿದೆ. ಮೇಷ್ಟ್ರಾದ ನನಗೆ ಎಲ್ಲಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಪಟ್ಟಣದಂತೆ ಪಂಚಾಯಿತಿಗೂ ಹಣ ಬೇಕು. ಶ್ರೀನಿವಾಸಪುರದ ಮಾವಿನ ತೋಪಿನ ಅಂಚಿನಲ್ಲೋ ಮಾಲೂರಿನ ಹೂವಿನ ಹೊಲದ ಬದುವಿನಲ್ಲೋ ರೈತನೊಬ್ಬ ಎರಡು ಎಕರೆಯನ್ನು ಸೈಟುಗಳಾಗಿ ಕತ್ತರಿಸಿ ಮಾರುತ್ತಾನೆ. 1964ರ ಭೂಕಂದಾಯ ಕಾಯಿದೆಯ ಪ್ರಕಾರ ಜಮೀನಿನ ಪರಿವರ್ತನೆಗೆ ಜಿಲ್ಲಾಧಿಕಾರಿಗಳ ಆದೇಶ ಬೇಕು; ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಇವೆರಡೂ ಇಲ್ಲದೆ ಕ್ರಯವಾಗುತ್ತದೆ, ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಹೆಸರೇರುತ್ತದೆ, ಕಂದಾಯ ಸಲ್ಲುತ್ತದೆ, ರಸೀದಿ ಬರುತ್ತದೆ. ಆ ರಸೀದಿಯನ್ನು ತೋರಿಸಿ ವಿದ್ಯುತ್ ಸಂಪರ್ಕ, ಪಡಿತರ ಚೀಟಿ, ಮತದಾರರ ಪಟ್ಟಿ ಎಂದು ಕುಟುಂಬವು ಒಂದೊಂದಾಗಿ ಬೇರೂರುತ್ತದೆ. ಕಂದಾಯ ಪಡೆದವನು ಹಕ್ಕು ಕೊಟ್ಟನೆಂದು ಜನ ನಂಬಿದರು. ಕಾನೂನು ಹಾಗೆ ಹೇಳುವುದಿಲ್ಲ: ಖಾತೆಯಾಗಲಿ ರಸೀದಿಯಾಗಲಿ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲವೆಂದು ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. ಅದು ತೆರಿಗೆ ಕಟ್ಟಬೇಕಾದವನು ಯಾರೆಂಬುದರ ದಾಖಲೆ, ಅಷ್ಟೆ.

ಬಹುಕಾಲ ಈ ಅಂತರ ಯಾರಿಗೂ ಕಾಣಲಿಲ್ಲ. ಗ್ರಾಮಗಳಲ್ಲಿ ‘ಇ-ಸ್ವತ್ತು’ ತಂತ್ರಾಂಶ ಬಂದಾಗ ಕಂಪ್ಯೂಟರು ಅದನ್ನು ತೋರಿಸಿಬಿಟ್ಟಿತು. ಗ್ರಾಮಠಾಣಾ ಅಥವಾ ಅನುಮೋದಿತ ಬಡಾವಣೆಯ ಆಸ್ತಿಗೆ ನಮೂನೆ 9 ಮತ್ತು 11ಎ, ಉಳಿದವಕ್ಕೆ 11ಬಿ. ನಿನ್ನೆಯವರೆಗೆ ಒಂದೇ ಬೀದಿಯ ನೆರೆಯವರಾಗಿದ್ದವರು ಎರಡು ಜಾತಿಯ ಆಸ್ತಿವಂತರಾದರು. ಪಟ್ಟಣಗಳ ‘ಬಿ’ ಖಾತೆಯೂ ಇದೇ ಬಗೆಯದು. 2014ರ ಅಕ್ರಮ-ಸಕ್ರಮ ನಿಯಮಗಳಿಂದ ಇದು ಬಗೆಹರಿದೀತೆಂದು ಬಹಳ ಮಂದಿ ಕಾದರು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಆ ನಿಯಮಗಳನ್ನು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟಿನ ತಡೆ ಬಂದಿತು. 2025ರ ಫೆಬ್ರವರಿಯಲ್ಲಿ ಸರ್ಕಾರವು ರಾಜ್ಯದ ಪಟ್ಟಣಗಳ ಅನಧಿಕೃತ ಸ್ವತ್ತುಗಳಿಗೆ ‘ಬಿ’ ಖಾತೆ ಕೊಡುವ ಅಭಿಯಾನವನ್ನು ಪ್ರಕಟಿಸಿತು. ಇದರಿಂದ ಆಸ್ತಿ ತೆರಿಗೆಯ ಜಾಲದೊಳಗೆ ಬರುತ್ತದೆ. ಅದು ಸಕ್ರಮವಾಯಿತೆಂದು ಮಾತ್ರ ತಿಳಿಯಬಾರದು.

ಕೆನಡಾದ ಕ್ರಮ ಬೇರೆ. ಅಲ್ಲಿನ ನಗರಸಭೆ ಮೊದಲು ಬರುವ ವರ್ಷದ ಖರ್ಚನ್ನು ಗೊತ್ತುಮಾಡಿ, ಇತರ ಆದಾಯವನ್ನು ಕಳೆದು, ಉಳಿದದ್ದನ್ನು ಊರಿನ ಆಸ್ತಿಗಳ ಮೌಲ್ಯದ ಮೇಲೆ ಹಂಚುತ್ತದೆ. ಖರ್ಚು ಹೆಚ್ಚಿದರೆ ದರವೂ ಹೆಚ್ಚುತ್ತದೆ. ಆದ್ದರಿಂದ ಜನ ಬಜೆಟ್ಟಿನ ಸಭೆಗೆ ಹೋಗಿ ಜಗಳವಾಡುತ್ತಾರೆ. ನಮ್ಮಲ್ಲಿ ದರದ ಕೆಳಮಿತಿ ಮೇಲ್ಮಿತಿಗಳನ್ನು ಕಾಯಿದೆಯೇ ಹಾಕಿಕೊಟ್ಟಿದೆ. ಬಜೆಟ್ಟಿಗೂ ನಮ್ಮ ಬಿಲ್ಲಿಗೂ ನಂಟು ಕಾಣಿಸುವುದಿಲ್ಲ. ಹಾಗೆಂದು ಅಲ್ಲಿಯದೆಲ್ಲ ಚಿನ್ನವೇನೂ ಅಲ್ಲ. ಒಂಟಾರಿಯೋದಲ್ಲಿ 2016ರ ಜನವರಿ 1ರ ಬೆಲೆಯನ್ನೇ ಬಹುಕಾಲ ಆಧಾರವಾಗಿಟ್ಟುಕೊಂಡು, ಮರುಮೌಲ್ಯಮಾಪನವನ್ನು ಮುಂದೂಡುತ್ತಲೇ ಬಂದರು. ನಮ್ಮ ಹಳೆಯ ಬಾಡಿಗೆ ಲೆಕ್ಕದ ನೆನಪಾಗುತ್ತದೆ!

ಅಲ್ಲಿಂದ ಕಲಿಯಬಹುದಾದದ್ದು ಇನ್ನೊಂದಿದೆ. ಮನೆಗಳ ಅಭಾವವಿರುವಾಗ ಮನೆಗೆ ಬೀಗ ಹಾಕಿ ಬೆಲೆ ಏರುವುದನ್ನು ಕಾಯುವವರ ಮೇಲೆ ವ್ಯಾಂಕೂವರ್ ನಗರವು 2017ರಿಂದ ಖಾಲಿ ಮನೆ ತೆರಿಗೆ ಹಾಕಿತು. ಮೊದಲು ಮನೆಯ ಮೌಲ್ಯದ ನೂರಕ್ಕೆ 1, ಆಮೇಲೆ 3. ಟೊರಾಂಟೊ ನಗರವೂ ಅದನ್ನು ಅನುಸರಿಸಿತು. ನಮ್ಮ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಸುತ್ತ ಕಲ್ಲು ನೆಟ್ಟು ಬಿಟ್ಟಿರುವ ಖಾಲಿ ಸೈಟುಗಳನ್ನು ಕಂಡಾಗ, ಅವುಗಳ ತೆರಿಗೆ ಏರಬೇಕೆಂದು ನನಗೆ ಅನ್ನಿಸುತ್ತದೆ. ಅಲ್ಲಿ ದುಡಿಯುವ ಹುಡುಗರು ಒಂದು ಕೊಠಡಿಗೆ ಐದಾರು ಮಂದಿ ಇರುವಾಗ ಪಕ್ಕದಲ್ಲಿಯೇ ನೆಲ ಬೀಳುಬಿದ್ದಿರುತ್ತದೆ. ಆದರೆ ಆ ಸೈಟುಗಳ ಒಡೆಯರಲ್ಲಿ ನನ್ನಂಥ ನಿವೃತ್ತ ಮೇಷ್ಟ್ರುಗಳೂ ಇದ್ದಾರೆ. ಮಗಳ ಮದುವೆಗೆಂದು ಕೂಡಿಟ್ಟದ್ದು ಅಲ್ಲಿ ಹುಲ್ಲು ಬೆಳೆಯುತ್ತಿದೆ. ಯಾವ ಜನಪ್ರತಿನಿಧಿಯೂ ಆ ಮಾತನ್ನು ಸುಲಭವಾಗಿ ಎತ್ತಲಾರ.

ನೀರು ಕೊಡದವರಿಗೆ ಕಂದಾಯವೇಕೆ ಎಂದು ಕೋಲಾರದಲ್ಲಿ ಕೇಳುವವರಿದ್ದಾರೆ. ಸಾವಿರ ಅಡಿ ಕೊರೆದರೂ ನೀರು ಕಾಣದೆ, ಟ್ಯಾಂಕರಿಗೆ ಹಣ ತೆತ್ತವರ ಕೋಪ ಅದು. 2018ರಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಅದರ ಉದ್ದೇಶ ಅಂತರ್ಜಲ ತುಂಬುವುದು, ಕುಡಿಯಲು ಕೊಡುವುದಲ್ಲ. ಕಂದಾಯ ಬಾರದೆ ನೀರಿನ ಏರ್ಪಾಡಿಗೆ ಹಣವಿಲ್ಲ. ನೀರು ಬಾರದೆ ಕಂದಾಯ ಕಟ್ಟುವ ಮನಸ್ಸಿಲ್ಲ.

ಒಂಟಾರಿಯೋದ ಮಗುವಿಗೆ ನಾನು ಬರೆದದ್ದು ಇಷ್ಟು: ನಿಮ್ಮ ತಂದೆಯವರ ಸೈಟಿನ ನೋಂದಾಯಿತ ಕ್ರಯಪತ್ರ, ಸರ್ವೆ ನಂಬರಿನ ಪಹಣಿ, ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದನೆ, ಇವುಗಳಲ್ಲಿ ಯಾವುದಿದೆ ಯಾವುದಿಲ್ಲ ಎಂದು ಮೊದಲು ನೋಡು. ರಸೀದಿಗಳನ್ನು ಮಾತ್ರ ಎಸೆಯಬೇಡ. ಅವು ಒಡೆತನವನ್ನು ಕೊಡದಿದ್ದರೂ, ಮೂವತ್ತು ವರ್ಷ ಆ ನೆಲ ಯಾರ ಸ್ವಾಧೀನದಲ್ಲಿತ್ತು ಎಂಬುದಕ್ಕೆ ನ್ಯಾಯಾಲಯದಲ್ಲಿ ಪೂರಕ ಸಾಕ್ಷ್ಯವಾಗಬಲ್ಲವು. ವರ್ಷವಾರು ಜೋಡಿಸಿ ಜೆರಾಕ್ಸ್ ತೆಗೆಸಿಡಲು ನಿನ್ನ ತಮ್ಮನಿಗೆ ಹೇಳು. ಹಳೆಯ ರಸೀದಿಗಳ ಶಾಯಿ ಮಾಸುತ್ತಿರುತ್ತದೆ.