ಬಂಡಿಯಲ್ಲಿ ಮೌನಕ್ಕೊಂದು ಸ್ಥಳ

ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ತೆರೆದದ್ದು 1874ರಲ್ಲಿ. ನಮ್ಮ ಬಂಡಿಗಳಲ್ಲಿ ಹಣಕ್ಕೆ ತಕ್ಕ ತರಗತಿಗಳುಂಟು, ಹೆಂಗಸರಿಗೆ ಬೇರೆ ಡಬ್ಬಿಯುಂಟು; ಮೌನ ಬಯಸುವವರಿಗೆ ಮಾತ್ರ ಪ್ರತ್ಯೇಕ ಸ್ಥಳವಿಲ್ಲ.

ಅಮೆರಿಕದಲ್ಲಿ ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ನಿಗೆ ನಿತ್ಯ ಕೆಲಸಕ್ಕೆ ಹೋಗುವವರು ಫೋನಿನ ಗದ್ದಲಕ್ಕೆ ಬೇಸತ್ತು, 2000ದ ಹೊತ್ತಿಗೆ ತಾವೇ ಕೇಳಿ ಒಂದು ನಿಶ್ಶಬ್ದ ಡಬ್ಬಿಯನ್ನು ಪಡೆದರು. ನಮ್ಮ ರೈಲ್ವೆ 2022ರಲ್ಲಿ ಬೇರೆ ದಾರಿ ಹಿಡಿಯಿತು: ಡಬ್ಬಿಯನ್ನು ಬೇರ್ಪಡಿಸದೆ, ಗಟ್ಟಿಯಾಗಿ ಫೋನಿನಲ್ಲಿ ಮಾತಾಡುವುದೂ ಹಾಡು ಹಾಕುವುದೂ ಸಲ್ಲದೆಂದು ಆಜ್ಞೆ ಹೊರಡಿಸಿತು.

ಶಹಾಬಾದಿನಲ್ಲಿ ರಾತ್ರಿಪಾಳಿ ಮುಗಿಸಿ ವಾಡಿಯಲ್ಲಿ ಬಂಡಿ ಬದಲಿಸುವ ಕಾರ್ಮಿಕನಿಗೆ ಆ ಪಯಣವೇ ನಿದ್ದೆ. ಪರೀಕ್ಷೆಗೆ ಹೊರಟ ಹುಡುಗಿಗೆ ಅದೇ ಓದು. ಆಜ್ಞೆಯನ್ನು ಕಾಯಲು ಡಬ್ಬಿಗೊಬ್ಬ ಕಾವಲುಗಾರನಿಲ್ಲ. ಮನೆಯಲ್ಲಿ ಬಾನುಲಿಯ ಗುಂಡಿ ತಿರುವಿ ಸದ್ದು ತಗ್ಗಿಸುವ ತಾವು, ಬಂಡಿಯಲ್ಲಿ ದನಿ ತಗ್ಗಿಸಲಾರಿರೇ?