ಬೈಕೊಂಡು ನೋಡಿದ್ರೂ ಅದು ಓಟೇ

ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುತ್ತಿದ್ದೆ. ಅಂಗಡಿಯವರು ಗುರುತು ಹಿಡಿದು ಕೇಳಿಯೇಬಿಟ್ಟರು: "ಏನ್ ಸಾರ್, ಟೀವಿಲಿ ಇಂಥದ್ದೆಲ್ಲ ತೋರಿಸ್ತೀರಲ್ಲ, ಮಕ್ಕಳ ಜೊತೆ ಕೂತು ನೋಡೋದ್ ಹೆಂಗೆ?"

"ಚಾನೆಲ್ ಬದಲಾಯಿಸಿ" ಅಂದೆ.

"ನೀವು ಟೊಮೆಟೊ ಮುಟ್ಟಿ ನೋಡಿ ತಗೋತಿದೀರ. ಟೀವಿಲಿ ಬಂದ್‌ಮೇಲೆ ತಾನೆ ಗೊತ್ತಾಗೋದು?"

ಉತ್ತರ ಹೊಳೆಯಲಿಲ್ಲ. ಆದರೆ ಈ ಜಗಳ ಹೊಸದಲ್ಲ ಸ್ವಾಮಿ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಆಗ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡಬೇಕು. ಹೆಣ್ಣುಮಕ್ಕಳು ಬಣ್ಣ ಹಚ್ಚಿದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಕಾಲ. ಗುಬ್ಬಿ ವೀರಣ್ಣನವರು ನಟಿಯರನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರಂಥ ಕಲಾವಿದೆಯರು ಬೆಳಗಿದರು. ಬೇಡದವರು ಟಿಕೆಟ್ ತಗೊಳ್ಳಲಿಲ್ಲ, ಬೇಕಾದವರು ಟೆಂಟ್ ತುಂಬಿದರು. 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಅಂದಿನ ನೀತಿವಂತರ ಮಾತೇ ನಡೆದಿದ್ದರೆ ಆ ನಟಿಯರು ನಮಗೆ ಸಿಗುತ್ತಿರಲಿಲ್ಲ.

ಆದರೆ ಟೆಂಟ್‌ಗೆ ನಾವು ಹೋಗಬೇಕಿತ್ತು, ಟೀವಿ ತಾನೇ ಮನೆಯೊಳಗೆ ಬಂತು. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದಾಗ ಆಯ್ಕೆ ಅಂದರೆ ಆನ್ ಅಥವಾ ಆಫ್, ಅಷ್ಟೇ. 1994ಕ್ಕೆ ಉದಯ ಟಿವಿ ಬಂತು. 1995ರಲ್ಲಿ ಕೇಬಲ್ ಕಾಯ್ದೆ ಬಂತು. ಸದಭಿರುಚಿಗೆ, ಸಭ್ಯತೆಗೆ ಧಕ್ಕೆ ತರುವ ಕಾರ್ಯಕ್ರಮ ಕೂಡದು ಅಂತ ನಿಯಮ. ಸದಭಿರುಚಿ ಯಾರದ್ದು? ಅದನ್ನು ಅಳೆಯೋ ಮೀಟರ್ ಯಾವ ಲ್ಯಾಬ್‌ನಲ್ಲೂ ಇಲ್ಲ. 2007ರಲ್ಲಿ ಕೇಂದ್ರ ಸರ್ಕಾರ ಎಎಕ್ಸ್‌ಎನ್, ಎಫ್‌ಟಿವಿ ಎರಡನ್ನೂ ತಲಾ ಎರಡು ತಿಂಗಳು ನಿಲ್ಲಿಸಲು ಆದೇಶಿಸಿತು. 2009ರಲ್ಲಿ 'ಸಚ್ ಕಾ ಸಾಮ್ನಾ' ಶೋ ನಿಲ್ಲಿಸಿ ಅಂತ ಹೋದವರಿಗೆ ದೆಹಲಿ ಹೈಕೋರ್ಟ್, ಇಷ್ಟವಿಲ್ಲದಿದ್ದರೆ ಟೀವಿ ಆಫ್ ಮಾಡಿ ಎಂಬ ಅರ್ಥದಲ್ಲಿ ಬುದ್ಧಿ ಹೇಳಿತು.

ನಾನು ಹೈಕೋರ್ಟ್ ಪರ. ಆದರೆ ನಮ್ಮ ಉದ್ಯಮದ ಹುಳುಕನ್ನೂ ಹೇಳಬೇಕು. 2012ರ ಫೆಬ್ರುವರಿ ನೆನಪಿದೆಯಾ? ವಿಧಾನಸಭೆಯ ಒಳಗಿನ ಮೊಬೈಲ್ ಅಶ್ಲೀಲ ವಿಡಿಯೊ ಪ್ರಕರಣ, ಮೂವರು ಸಚಿವರ ರಾಜೀನಾಮೆ. ಸುದ್ದಿ ದೊಡ್ಡದೇ. ಆದರೆ "ಛೀ, ಥೂ" ಅನ್ನುತ್ತಲೇ ನಾವು ಚಾನೆಲ್‌ನವರು ಅದೇ ದೃಶ್ಯವನ್ನು ಮತ್ತೆ ಮತ್ತೆ ತಿರುಗಿಸಿದೆವು. ನೀತಿ ಬಾಯಲ್ಲಿತ್ತು, ಕಣ್ಣು ಟಿಆರ್‌ಪಿ ಮೇಲಿತ್ತು.

ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು. ಟಿಆರ್‌ಪಿ ಮೀಟರ್ ಇರೋದು ಆಯ್ದ ಕೆಲವೇ ಮನೆಗಳಲ್ಲಿ. ಅದು ಲೆಕ್ಕ ಹಾಕೋದು ನೋಡಿದ ನಿಮಿಷಗಳನ್ನ. ಮೆಚ್ಚಿ ನೋಡಿದಿರೋ, ಬೈಕೊಂಡು ನೋಡಿದಿರೋ, ಅದಕ್ಕೆ ಗೊತ್ತಾಗಲ್ಲ. ನಿಮ್ಮ ಕೋಪವೂ ಅಲ್ಲಿ ಒಂದು ಓಟು. ಹಾಗಾಗಿ ಬೈಯೋದಕ್ಕಿಂತ ಬದಲಾಯಿಸೋದು ದೊಡ್ಡ ಪ್ರತಿಭಟನೆ.

ಹಾಗಂತ ಆ ಅಂಗಡಿಯವರ ಪ್ರಶ್ನೆ ಮುಗಿಯಲ್ಲ. 2021ರ ನಿಯಮ ಬಂದಮೇಲೆ ಓಟಿಟಿಯವರು 7+, 13+, 16+ ಅಂತ ಮೊದಲೇ ಹಾಕಬೇಕು. ಟೀವಿ ಶೋಗಳಿಗೂ ಅಂಥದ್ದೊಂದು ಚೀಟಿ ಅಂಟಿಸೋಕೆ ನಮಗೇನು ಕಷ್ಟ? ನಿಷೇಧ ಬೇಡ, ಸರಿ. ಆದರೆ ಬುಟ್ಟಿಯಲ್ಲಿ ಏನಿದೆ ಅಂತ ಮುಚ್ಚಿಟ್ಟು "ಆಯ್ಕೆ ನಿಮ್ಮದು" ಅನ್ನೋದು ವ್ಯಾಪಾರದ ಧರ್ಮವೂ ಅಲ್ಲ.

ಮುಂದಿನ ಸಲ ಟೊಮೆಟೊ ತರೋಕೆ ಹೋದಾಗ ಅವರಿಗೆ ಇಷ್ಟು ಹೇಳಬೇಕು.