ಮಗುವಿನ ಭೇಟಿಗೂ ಮಿತಿ ಬಂದ ಬಗೆ

ವಿಚ್ಛೇದನದ ನಂತರ ಮಗು ತಾಯಿಯ ಬಳಿ ಇದೆ. ಭಾನುವಾರ ತಂದೆ ಕರೆದೊಯ್ಯಬಹುದೆಂದು ನ್ಯಾಯಾಲಯ ಹೇಳಿದೆ. ಆದರೆ ಆತ ಕುಡಿದು ಬರುತ್ತಾನೆ, ಮಗುವನ್ನು ಹೊಡೆಯುತ್ತಾನೆ ಎಂದಾದರೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಯಿಯೊಬ್ಬಳು ಇಂದು ಅದನ್ನು ತನ್ನ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ಹೇಳಬಹುದು. ಈ ಅನುಕೂಲ ಒದಗಿ ಎರಡು ದಶಕವಾಗಿದೆಯಷ್ಟೆ.

ಹಿಂದೆ ಮಗುವೆಂದರೆ ತಂದೆಯ ಸೊತ್ತು. ನಮ್ಮ ಕಾನೂನಿಗೆ ಮಾದರಿಯಾದ ಇಂಗ್ಲೆಂಡಿನಲ್ಲೂ ಹಾಗೆಯೇ ಇತ್ತು. 1817ರಲ್ಲಿ ಕವಿ ಷೆಲ್ಲಿಗೆ ಅವನ ಇಬ್ಬರು ಮಕ್ಕಳನ್ನು ಒಪ್ಪಿಸಲು ಅಲ್ಲಿನ ಚಾನ್ಸಲರ್ ಎಲ್ಡನ್ ನಿರಾಕರಿಸಿದ್ದು ಅಪರೂಪದ ಸಂಗತಿ. ಅದೂ ಮಕ್ಕಳಿಗೆ ಪೆಟ್ಟು ಬಿದ್ದೀತೆಂದಲ್ಲ, ಕವಿಯ ವಿಚಾರ ಮತ್ತು ನಡತೆ ಸರಿಯಿಲ್ಲವೆಂದು! ಗಂಡನಿಂದ ಮಕ್ಕಳನ್ನು ಕಳೆದುಕೊಂಡ ಕ್ಯಾರೊಲಿನ್ ನಾರ್ಟನ್ ಹೋರಾಡಿದ ಫಲವಾಗಿ 1839ರಲ್ಲಿ ಕಾಯಿದೆಯೊಂದು ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಿರೆಂದೂ, ದೊಡ್ಡವರನ್ನು ನೋಡಲು ಬಿಡಿರೆಂದೂ ತಾಯಿ ಕೇಳುವಂತಾಯಿತು. ಆಕೆಯ ಗಂಡನೋ ಮಕ್ಕಳನ್ನು ಆ ಕಾಯಿದೆ ತಲುಪದ ಸ್ಕಾಟ್ಲೆಂಡಿನಲ್ಲಿಟ್ಟಿದ್ದ.

ಭಾರತದ 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯೂ ತಂದೆಯನ್ನು ಮೇಲೆ ಕೂರಿಸಿತು. ಆತ ಅನರ್ಹನೆಂದು ಕಂಡುಬಂದರೆ ಮಾತ್ರ ಬೇರೆಯವರ ಮಾತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯಿದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು; ಮಗುವಿನ ಹಿತವೇ ಪರಮ ಎಂದೂ ಸೇರಿಸಿತು. ಆದರೂ 'ತಂದೆ, ಆತನ ನಂತರ ತಾಯಿ' ಎಂಬ ಮಾತು ಉಳಿಯಿತು. ಆ 'ನಂತರ'ಕ್ಕೆ ತಂದೆ ಸತ್ತ ಮೇಲೆ ಎಂಬುದೊಂದೇ ಅರ್ಥವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ, ಲೇಖಕಿ ಗೀತಾ ಹರಿಹರನ್ ಪ್ರಕರಣದಲ್ಲಿ.

ನಮ್ಮ ಸೀಮೆಗೊಂದು ವಿಶೇಷವಿದೆ. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬರು ಪರಿಶಿಷ್ಟ ಪಂಗಡದವರಾದ್ದರಿಂದ ಅವರಿಗೆ 1955ರ ಹಿಂದೂ ವಿವಾಹ ಕಾಯಿದೆ ತಾನಾಗಿ ಅನ್ವಯಿಸುವುದಿಲ್ಲ. 1890ರ ಕಾಯಿದೆಗೆ ಮಾತ್ರ ಜಾತಿ ಮತದ ಭೇದವಿಲ್ಲ.

ಭೇಟಿಯನ್ನೇ ತಡೆಯುವ ಸ್ಪಷ್ಟ ಮಾತು ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯಲ್ಲಿ. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 21ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಗೆ ಒಪ್ಪಿಸಬಹುದು. ಎದುರುದಾರನ ಭೇಟಿ ಮಗುವಿನ ಹಿತಕ್ಕೆ ಹಾನಿಯೆನಿಸಿದರೆ ಅದನ್ನು ನಿರಾಕರಿಸಲೇಬೇಕು. ದೂರನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಕೊಡಬಹುದು. ಆದರೆ ಈ ಬಾಗಿಲು ಹೆಂಗಸರಿಗೆ ಮಾತ್ರ. ತಾಯಿಯ ಮನೆಯಲ್ಲೇ ಮಗುವಿಗೆ ಅಪಾಯವೆನ್ನುವ ತಂದೆ ಹಳೆಯ ಕಾಯಿದೆಗಳ ದಾರಿ ಹಿಡಿಯಬೇಕು. ಇದೊಂದು ಕೊರತೆಯೇ ಸರಿ.

ಹಾಗೆಂದು ಆರೋಪ ಬಂದೊಡನೆ ಬಾಗಿಲು ಮುಚ್ಚುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಉತ್ಪ್ರೇಕ್ಷೆ ಇದ್ದದ್ದೇ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಬಾಲಕನನ್ನು ವರ್ಷದ ಮೊದಲರ್ಧ ತಂದೆಗೂ ಉಳಿದರ್ಧ ತಾಯಿಗೂ ಒಪ್ಪಿಸಿತ್ತು. ಅತಿ ವಿಷಮ ಸ್ಥಿತಿಯಲ್ಲಷ್ಟೇ ಸಂಪರ್ಕ ಕಡಿಯಬೇಕು, ಅದಕ್ಕೆ ಕಾರಣವನ್ನೂ ಬರೆಯಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಮಧ್ಯದ ಮೆಟ್ಟಿಲುಗಳೂ ಇವೆ: ಇನ್ನೊಬ್ಬರ ಸಮಕ್ಷಮದಲ್ಲಿ ಭೇಟಿ, ನ್ಯಾಯಾಲಯದ ಆವರಣದಲ್ಲೇ ಭೇಟಿ, ರಾತ್ರಿ ಉಳಿಸಿಕೊಳ್ಳದಂತೆ ನಿರ್ಬಂಧ, ಫೋನಿನಲ್ಲಿ ಮಾತ್ರ ಮಾತು. ಇವು ಶಾಶ್ವತವೂ ಅಲ್ಲ. ಕುಡಿತ ಬಿಟ್ಟ ತಂದೆ ಪುರಾವೆಯೊಡನೆ ಮತ್ತೆ ಅರ್ಜಿ ಹಾಕಿದರೆ, ಹಳೆಯ ಆದೇಶವನ್ನು ಬದಲಿಸುವ ಅಧಿಕಾರ ನ್ಯಾಯಾಲಯಕ್ಕಿದೆ.